ಕಾರು ಬಾರದ ಗುಡ್ಡದಲ್ಲಿ ಎದುರು ಬದಿ

ಹೊರಡುವ ಮೊದಲು: ಹೆಮ್ಮಾಡಿ

ವಿದೇಶಕ್ಕೆ ಹೋಗಿ ಬಂದವರು ಅಲ್ಲಿಯ ರಸ್ತೆಗಳನ್ನು ಹೊಗಳಿ ಬರೆಯುವುದನ್ನು ಓದಿ ಓದಿ ನನಗೆ ಸಾಕಾಗಿದೆ. ಈಗ ನಾನೂ ಹೋಗಿ ಬಂದೆ. ರಸ್ತೆ ಚೆನ್ನಾಗಿಯೇ ಇತ್ತು. ನನಗೆ ಸಿಟ್ಟು ಬಂದದ್ದೂ ಅದಕ್ಕೇ.

ನಾನು ಹೈಸ್ಕೂಲಿನಲ್ಲಿ ಪಿ.ಟಿ. ಟೀಚರ್. ಮನೆ ಹೆಮ್ಮಾಡಿಯ ಹತ್ತಿರ, ಹೆದ್ದಾರಿಗೆ ತಾಗಿಕೊಂಡೇ. ಕೆಲಸಕ್ಕೆ ಸೇರಿದಂದಿನಿಂದ ಸೈಕಲ್ಲಿನಲ್ಲೇ ಶಾಲೆಗೆ ಹೋಗುತ್ತೇನೆ. ತಂಗಿ ಸುಮತಿ ಅದೇ ಶಾಲೆಯ ಪಕ್ಕದ ಅಂಗನವಾಡಿಯಲ್ಲಿದ್ದಾಳೆ, ಅವಳೂ ಸೈಕಲ್ಲೇ. ಮನೆಯಿಂದ ಶಾಲೆ ಅರ್ಧ ಕಿಲೋಮೀಟರ್, ಹೆದ್ದಾರಿಯ ನಮ್ಮ ಬದಿಯಲ್ಲೇ ಇದೆ. ಆದರೆ ನಾಲ್ಕು ಪಥ ಆದ ಮೇಲೆ ನಮ್ಮ ಬದಿಯಲ್ಲಿ ಗಾಡಿಗಳು ಶಾಲೆಯ ಕಡೆಯಿಂದ ಮನೆಯ ಕಡೆಗೆ ಮಾತ್ರ ಬರುತ್ತವೆ. ಕಾನೂನಿನ ಪ್ರಕಾರ ಶಾಲೆಗೆ ಹೋಗಬೇಕಾದರೆ ಮೊದಲು ಶಾಲೆಗೆ ಬೆನ್ನು ಹಾಕಿ ಒಂದೂವರೆ ಕಿಲೋಮೀಟರ್ ಹೋಗಬೇಕು. ಅಲ್ಲಿ ಡಿವೈಡರ್ ಬಿಟ್ಟ ಜಾಗದಲ್ಲಿ ದಾಟಿ, ಆಚೆ ಬದಿಯಲ್ಲಿ ಅಷ್ಟೂ ದೂರ ವಾಪಸು ಬಂದು, ಶಾಲೆಯನ್ನು ಎದುರಿಗೇ ಕಂಡು, ಅದನ್ನೂ ದಾಟಿ ಹೋಗಿ, ಮುಂದೆಲ್ಲೋ ತಿರುಗಿ ಬರಬೇಕು. ಸರ್ವಿಸ್ ರಸ್ತೆ ಮಾಡಿಕೊಡುತ್ತೇವೆ ಅಂದವರು ಮಾಡಿಲ್ಲ. ಹಾಗಾಗಿ ಊರಿನವರೆಲ್ಲ ಏನು ಮಾಡುತ್ತಾರೋ ನಾವೂ ಅದನ್ನೇ ಮಾಡುತ್ತಿದ್ದೆವು. ಡಾಂಬರಿನ ಅಂಚು ಹಿಡಿದು ಎದುರು ಬದಿಯಿಂದ ಹೋಗುವುದು. ಶಾಲೆಯ ಮಕ್ಕಳಿಗೂ ಹಾಗೇ ಹೇಳಿಕೊಟ್ಟವಳು ನಾನು. ಹಿಂದಿನಿಂದ ಬರುವ ಲಾರಿ ಕಾಣುವುದಿಲ್ಲ, ಎದುರಿನಿಂದ ಬರುವುದು ಕಾಣುತ್ತದೆ, ಎದುರಿನಿಂದಲೇ ಬನ್ನಿ ಅಂತ.

ಬೇಸಿಗೆ ರಜೆಗೆ ಒಂದು ತಿಂಗಳಿದೆ ಅನ್ನುವಾಗ ಒಂದು ಬೆಳಿಗ್ಗೆ ನಾನು ಮುಂದೆ, ಸುಮತಿ ಹಿಂದೆ ಹೋಗುತ್ತಿದ್ದೆವು. ಶಿರೂರಿನಿಂದ ಮೀನು ಹೇರಿಕೊಂಡು ಬರುತ್ತಿದ್ದ ಪಿಕಪ್ ಒಂದು ನನ್ನನ್ನು ದಾಟಿತು. ಅದೇ ಹೊತ್ತಿಗೆ ಒಂದು ಬಸ್ಸು ಅದನ್ನು ಒತ್ತಿಕೊಂಡು ಓವರ್‌ಟೇಕ್ ಮಾಡಿತು. ಪಿಕಪ್ಪಿನ ಮೂಲೆ ಸುಮತಿಯ ಹ್ಯಾಂಡಲ್ಲಿಗೆ ತಾಗಿ ಅವಳು ಚರಂಡಿಯ ಕಲ್ಲಿನ ಮೇಲೆ ಬಿದ್ದಳು. ಮೊಣಕಾಲಿನ ಚಿಪ್ಪು ಒಡೆಯಿತು. ಬಸ್ಸು ನಿಲ್ಲಲಿಲ್ಲ, ಪಿಕಪ್ ನಿಂತಿತು.

ನಮ್ಮ ಕಡೆ ಅಪಘಾತವಾದ ಮೇಲೆ ಓಡಿಹೋಗದ ಡ್ರೈವರ್ ಮಾಡುವ ಮೊದಲ ಕೆಲಸ ಕೈ ಮುಗಿಯುವುದು. ತಪ್ಪು ಯಾರದ್ದೇ ಇರಲಿ, ಜನ ಸೇರಿ ಕೆನ್ನೆಗೆ ಬಾರಿಸುವ ಮೊದಲು ತಪ್ಪಾಯ್ತು ಅಂದುಬಿಡಬೇಕು. ಪಿಕಪ್ಪಿನಿಂದ ಇಳಿದ ನಾಗರಾಜ ಎಂಬ ನಲವತ್ತರ ಮನುಷ್ಯನೂ ಅದನ್ನೇ ಮಾಡಿದ. "ತಪ್ಪಾಯ್ತ್ ಅಕ್ಕ, ತಪ್ಪಾಯ್ತ್" ಅನ್ನುತ್ತಲೇ ಸುಮತಿಯನ್ನು ಎತ್ತಿ ರಿಕ್ಷಾದಲ್ಲಿ ಕೂರಿಸಿದ. ನಾನು ಆ ಮಾತನ್ನು ಗಟ್ಟಿಯಾಗಿ ಹಿಡಿದುಕೊಂಡೆ. ಆಸ್ಪತ್ರೆಗೆ ಪೊಲೀಸರು ಬಂದಾಗ ಸುಮತಿಗೆ ಬಾಯಿ ತೆರೆಯಲು ಬಿಡದೆ ಎಲ್ಲವನ್ನೂ ನಾನೇ ಹೇಳಿದೆ. ನಾವು ಸೈಕಲ್ ಹತ್ತಿರಲೇ ಇಲ್ಲ, ಮಣ್ಣಿನ ಮೇಲೆ ತಳ್ಳಿಕೊಂಡು ನಡೆಯುತ್ತಿದ್ದೆವು, ಅವನೇ ಬಂದು ಗುದ್ದಿದ, ಎಲ್ಲರ ಎದುರು ತಪ್ಪು ಒಪ್ಪಿಕೊಂಡಿದ್ದಾನೆ, ಹೀಗೆ. ಕೊನೆಯದ್ದೊಂದು ಬಿಟ್ಟರೆ ಉಳಿದದ್ದು ಸುಳ್ಳು. ತಂಗಿಯ ಕಾಲು ಮುರಿದಿರುವಾಗ ಸುಳ್ಳು ಯಾವ ದೊಡ್ಡ ವಿಷಯ ಅಂತ ನನಗೆ ಅನ್ನಿಸಿತ್ತು.

ನಾಗರಾಜನ ಲೈಸೆನ್ಸ್ ಠಾಣೆಯಲ್ಲಿ ಉಳಿಯಿತು. ಪಿಕಪ್ಪಿನ ಮಾಲೀಕ ಬೇರೆ ಡ್ರೈವರನ್ನು ಇಟ್ಟುಕೊಂಡ. ಒಂದು ದಿನ ನಾಗರಾಜನ ತಾಯಿ ಶಿರೂರಿನಿಂದ ಬಸ್ಸು ಹಿಡಿದು ಬಂದು ನಮ್ಮ ಗೇಟಿನ ಹೊರಗೆ ನಿಂತರು.

"ಟೀಚರ್, ನಮ್ ಮಗ ಗಾಡಿ ಬಿಡುದೊಂದ್ ಬಿಟ್ರೆ ಬೇರೆ ಎಂತದೂ ಅರಿಯ. ನೀವ್ ಕಂಡದ್ದ್ ಕಂಡ ಹಂಗೆ ಹೇಳಿ, ಅಷ್ಟ್ ಸಾಕ್."

"ಕಂಡದ್ದೇ ಹೇಳಿದ್ದ್. ನಿಮ್ ಮಗನೇ ತಪ್ಪಾಯ್ತ್ ಅಂದಿದ್ದ. ನನ್ನ್ ಹತ್ರ ಎಂತಕ್ ಬಪ್ಪುದ್ ನೀವ್?" ಅಂದು ಗೇಟು ಹಾಕಿದೆ. ರಜೆ ಮುಗಿದ ಮೇಲೆ ಠಾಣೆಗೆ ಹೋಗಿ ನಾನು ಮತ್ತೊಮ್ಮೆ ಹೇಳಿಕೆ ಕೊಟ್ಟು ಸಹಿ ಹಾಕಬೇಕಿತ್ತು. ನಾನು ಸಹಿ ಹಾಕಿದರೆ ನಾಗರಾಜನ ಮೇಲಿನ ಕೇಸು ಕೋರ್ಟಿಗೆ ಹೋಗುತ್ತದೆ. ಹಾಕುವುದೇ ಅಂತ ತೀರ್ಮಾನಿಸಿಕೊಂಡೇ ವಿಮಾನ ಹತ್ತಿದೆ.

ಮೊದಲ ದಿನ: ಗೇಟು

ಕರೆಸಿಕೊಂಡವಳು ವನಜ. ಕೊಕ್ಕರ್ಣೆಯವಳು, ಕುಂದಾಪುರದ ಕಾಲೇಜಿನಲ್ಲಿ ನನ್ನ ಬೆಂಚಿನವಳು. ಗಂಡನ ಜೊತೆ ಸೇರಿ ಲಂಡನ್ನಿನ ಹೊರಗೆ, ಗುಡ್ಡದ ಮೇಲೆ ಹಬ್ಬಿದ ಒಂದು ಊರಿನಲ್ಲಿ ದೋಸೆ ಹೋಟೆಲು ನಡೆಸುತ್ತಾಳೆ. ಬೆಳಿಗ್ಗೆ ಹಿಟ್ಟು ರುಬ್ಬಿ ಮುಗಿದ ಮೇಲೆ ಅವಳಿಗೆ ಎರಡು ಗಂಟೆ ಬಿಡುವು. ಆ ಹೊತ್ತಿನಲ್ಲಿ ಅವಳು ಸೈಕಲ್ ಹೊಡೆಯುತ್ತಾಳೆ ಅಂತ ಕೇಳಿ ನನಗೆ ನಗು ಬಂತು. ಕಾಲೇಜಿನಲ್ಲಿದ್ದಾಗ ನನ್ನ ಸೈಕಲ್ಲಿನ ಹಿಂದೆ ಕೂತುಕೊಳ್ಳಲೂ ಹೆದರುತ್ತಿದ್ದವಳು ಅವಳು.

ಮನೆಗಳ ಸಾಲು ಮುಗಿದಲ್ಲಿ ಒಂದು ಕಬ್ಬಿಣದ ಗೇಟು. ಗೇಟಿನಾಚೆ ನಮ್ಮ ಕಡೆಯ ಹತ್ತು ಹಾಡಿ ಕಾಡುಗಳನ್ನು ಸೇರಿಸಿದಷ್ಟು ದೊಡ್ಡ ಉದ್ಯಾನ. ಏರು, ಇಳಿಜಾರು, ಓಕ್ ಮರಗಳು, ಹುಲ್ಲು. ಅದರೊಳಗೆ ಅಚ್ಚುಕಟ್ಟಾದ ಡಾಂಬರು ರಸ್ತೆ, ಒಂದು ಸುತ್ತಿಗೆ ಹನ್ನೊಂದು ಕಿಲೋಮೀಟರ್. ಕಾರುಗಳು ಗೇಟಿನ ಹೊರಗೆ ನಿಲ್ಲಬೇಕು. ಒಳಗೆ ಸೈಕಲ್ಲು ಮಾತ್ರ, ಅದೂ ಬಾಣದ ಗುರುತು ತೋರಿಸಿದ ಕಡೆಗೇ.

"ಇಷ್ಟ್ ಒಳ್ಳೇ ರೋಡಂಗೆ ಒಂದ್ ಗಾಡಿ ಇಲ್ಲೆ. ಸ್ಟ್ರೈಕಾ ಎಂತ?" ಅಂತ ಕೇಳಿದೆ.

"ಸ್ಟ್ರೈಕ್ ಅಲ್ಲ ಮಾರಾಯ್ತಿ. ಇಲ್ಲ್ ದಿನಾ ಹಿಂಗೇ," ಅಂದಳು ವನಜ.

ಅವಳ ಗಂಡನ ಸೈಕಲ್ ನನಗೆ ಕೊಟ್ಟಿದ್ದಳು. ಅದಕ್ಕೆ ಗೇರುಗಳು ಎಷ್ಟಿದ್ದವೆಂದರೆ ಏರು ಬಂದಾಗ ಹಗುರದ್ದು ಹಾಕಲು ಹೋಗಿ ಭಾರದ್ದು ಹಾಕಿ, ಎಲ್ಲರ ಎದುರು ನಿಂತಲ್ಲೇ ನಿಂತು ಮೆಲ್ಲಗೆ ಪಕ್ಕಕ್ಕೆ ವಾಲಿ ಹುಲ್ಲಿನ ಮೇಲೆ ಮಲಗಿದೆ. ನಾಲ್ಕು ಜನ ಸೈಕಲ್ ನಿಲ್ಲಿಸಿ 'ಸಾರಿ, ಸಾರಿ' ಅನ್ನುತ್ತ ಎಬ್ಬಿಸಿದರು. ಬಿದ್ದವಳು ನಾನು, ಸಾರಿ ಅವರದ್ದು. ಈ ಜನಕ್ಕೆ ಅದೊಂದು ಚಾಳಿ. ಅಂಗಡಿಯಲ್ಲಿ ಅವರ ಕಾಲು ತುಳಿದರೂ ಸಾರಿ ಅನ್ನುವವರು ಅವರೇ.

ಮೂರನೆಯ ದಿನ: ಏರು

ಮೂರನೆಯ ದಿನಕ್ಕೆ ಗೇರು ಅರ್ಥವಾಯಿತು, ಸುತ್ತಲೂ ನೋಡುವಷ್ಟು ಧೈರ್ಯ ಬಂತು. ನೋಡಿದಷ್ಟೂ ಸಿಟ್ಟು ಏರಿತು.

ಮೈಗಂಟಿದ ಬಣ್ಣಬಣ್ಣದ ಬಟ್ಟೆ ಹಾಕಿದ ಗಂಡಸರು ಏರನ್ನು ಏದುಸಿರು ಬಿಡುತ್ತ ಹತ್ತುತ್ತಾರೆ, ತುದಿಯಲ್ಲಿ ಗಡಿಯಾರ ನೋಡಿಕೊಳ್ಳುತ್ತಾರೆ, ಇಳಿಯುತ್ತಾರೆ, ಮತ್ತೆ ಹತ್ತುತ್ತಾರೆ. ಎಲ್ಲಿಗೂ ಹೋಗುವುದಿಲ್ಲ. ಒಬ್ಬ ಮುದುಕಿ ಮುಂದಿನ ಬುಟ್ಟಿಯಲ್ಲಿ ನಾಯಿಯನ್ನು ಕೂರಿಸಿಕೊಂಡು ಅದಕ್ಕೆ ಗಾಳಿ ಹಾಕಿಸಲು ಬರುತ್ತಾಳೆ. ನಾಯಿಗೂ ಅಲ್ಲಿ ಹೆದರಿಕೆ ಇಲ್ಲದ ರಸ್ತೆ ಇದೆ. ಸುಮತಿಗೆ ಅಂಗನವಾಡಿಯ ಇಪ್ಪತ್ತು ಮಕ್ಕಳ ಗಂಜಿ ಬೇಯಿಸಲು ಹೋಗಲಿಕ್ಕೆ ಅರ್ಧ ಕಿಲೋಮೀಟರ್ ಇಲ್ಲ. ಅವರದ್ದು ಆಟ, ನಮ್ಮದು ಕೆಲಸ. ಆಟಕ್ಕೆ ಹನ್ನೊಂದು ಕಿಲೋಮೀಟರ್ ಬಿಟ್ಟುಕೊಟ್ಟವರನ್ನು ನೋಡಿ ನನಗೆ ಸಂತೋಷ ಆಗಲಿಲ್ಲ. ಆಯಿತು ಅಂತ ಬರೆದರೆ ಅದೂ ಸುಳ್ಳಾಗುತ್ತದೆ.

ತುದಿಯ ಬೆಂಚಿನಲ್ಲಿ ಕೂತು ವನಜನ ಮೇಲೆ ಹರಿಹಾಯ್ದೆ. ನಮ್ಮೂರಿನಲ್ಲಿ ರಸ್ತೆ ಅಗಲ ಮಾಡುವಾಗ ಮರ ಹೋಯಿತು, ಬಾವಿ ಹೋಯಿತು, ಶಾಲೆಯ ಮೈದಾನದ ಒಂದು ಮೂಲೆ ಹೋಯಿತು. ನಾಲ್ಕು ಮೀಟರ್ ಮಣ್ಣಿನ ದಾರಿ ಬಿಟ್ಟಿದ್ದರೆ ಹೆದ್ದಾರಿ ಮಾಡಿದವರ ಗಂಟೇನು ಹೋಗುತ್ತಿತ್ತು, ಅಂದೆ.

"ನನ್ಗೆಂತಕ್ ಬೈತೆ? ನಾನ್ ಮಾಡ್ದದ್ದಾ ರೋಡ್?" ಅಂದು ವನಜ ಚೀಲದಿಂದ ಚಕ್ಕುಲಿ ತೆಗೆದು ಕೊಟ್ಟಳು. ಬಾಯಿ ಮುಚ್ಚಿಸಲು ಅಂತ ನನಗೆ ಗೊತ್ತಾಯಿತು. ತಿಂದೆ.

ಐದನೆಯ ದಿನ: ಟೀ ಅಂಗಡಿ

ಗೇಟಿನಿಂದ ಒಳಗೆ ಇನ್ನೂರು ಮೀಟರ್ ಮೇಲೆ, ಒಂದು ತಿರುವಿನಾಚೆ, ಮರದ ಪುಟ್ಟ ಟೀ ಅಂಗಡಿಯಿದೆ. ಬಾಣದ ಗುರುತಿನ ಪ್ರಕಾರ ಅದು ಸುತ್ತಿನ ಕೊನೆಗೆ ಬರುತ್ತದೆ. ಐದನೆಯ ದಿನ ಜಿರಿಜಿರಿ ಮಳೆ, ಚಳಿ. ನಾನು ಗೇಟಿನ ಹತ್ತಿರ ಸೈಕಲ್ ಹತ್ತಿದವಳೇ ಬಾಣಕ್ಕೆ ವಿರುದ್ಧ ತಿರುಗಿಸಿದೆ.

"ಹ್ವಾಯ್, ಆ ಬದಿ ಹೋಪುಕಿಲ್ಲೆ," ಅಂತ ವನಜ ಕೂಗಿದಳು.

"ಇನ್ನೂರ್ ಮೀಟರಿನ್ ಟೀಗೆ ಹನ್ನೊಂದ್ ಕಿಲೋಮೀಟರ್ ಸುತ್ತುದಾ? ರೋಡಿನ್ ಅಂಚಂಗೆ ಹೋತೆ, ಬಾ ನೀನ್," ಅಂದೆ. ಯೋಚಿಸಿ ಮಾಡಿದ್ದಲ್ಲ. ದಿನಾ ಬೆಳಿಗ್ಗೆ ಮನೆಯ ಗೇಟಿನಿಂದ ಹೊರಗೆ ಬಂದ ಕೂಡಲೇ ನನ್ನ ಕೈ ಹ್ಯಾಂಡಲನ್ನು ಯಾವ ಕಡೆ ತಿರುಗಿಸುತ್ತದೋ ಅದೇ ಕಡೆ ತಿರುಗಿಸಿತು.

ತಿರುವಿನಲ್ಲಿ ಇಳಿಜಾರು. ಮೇಲಿನಿಂದ ಒಬ್ಬರು ವಯಸ್ಸಾದವರು ಒಳ್ಳೆಯ ವೇಗದಲ್ಲಿ ಇಳಿದು ಬಂದರು. ಎದುರಿನಿಂದ ಬರುವುದು ಕಾಣುತ್ತದೆ ಅಂತ ಅಷ್ಟು ವರ್ಷ ಮಕ್ಕಳಿಗೆ ಹೇಳಿದ್ದೆನಲ್ಲ, ಅವರಿಗೆ ನಾನು ಕಾಣುವುದಿಲ್ಲ ಅಂತ ನನಗೆ ಒಮ್ಮೆಯೂ ಹೊಳೆದಿರಲಿಲ್ಲ. ಅವರು ನನ್ನನ್ನು ತಪ್ಪಿಸಲು ಬ್ರೇಕ್ ಒತ್ತಿ ಹ್ಯಾಂಡಲ್ ತಿರುಗಿಸಿದರು. ಒದ್ದೆ ರಸ್ತೆಯಲ್ಲಿ ಚಕ್ರ ಜಾರಿ, ಭುಜ ಕೆಳಗಾಗಿ ಬಿದ್ದರು. ಎಲುಬು ಮುರಿದ ಸದ್ದು ನನಗೆ ಕೇಳಿಸಿತು. ನನಗೆ ಏನೂ ಆಗಲಿಲ್ಲ.

ಓಡಿಹೋಗಿ ಬಗ್ಗಿದೆ. ಮುಖ ಬೆಳ್ಳಗಾಗಿತ್ತು. ಕಣ್ಣು ತೆರೆದು ನನ್ನನ್ನು ನೋಡಿ ಅವರು ಹೇಳಿದ್ದು, "ಸಾರಿ."

ಉದ್ಯಾನದ ಕಾವಲಿನ ಹೆಂಗಸು ಬಂದಳು. ದಪ್ಪ ಕೋಟು, ಕೈಯಲ್ಲೊಂದು ಪುಸ್ತಕ. ಆಂಬುಲೆನ್ಸಿಗೆ ಹೇಳಿ, ಏನಾಯಿತು ಅಂತ ಕೇಳಿದಳು. ಬಿದ್ದವರೇ ಉತ್ತರ ಕೊಟ್ಟರು. ನಾನು ತುಂಬ ಜೋರಾಗಿ ಬಂದೆ, ಮಳೆ, ವಯಸ್ಸಾಯಿತು ನೋಡಿ, ಅಂದರು. ಅವಳು ಹಾಗೇ ಬರೆದುಕೊಂಡು, ಸರಿ ತಾನೇ ಅನ್ನುವ ಹಾಗೆ ನನ್ನ ಮುಖ ನೋಡಿದಳು.

ಅಷ್ಟರಲ್ಲಿ ಬಂದು ನಿಂತಿದ್ದ ವನಜ ನನ್ನ ತೋಳು ಚಿವುಟಿ, "ಸುಮ್ನಿರ್. ಅವ್ರೇ ಒಪ್ಕಂಡ್ರ್ ಅಲ್ದಾ," ಅಂದಳು.

ನಾನು ತಲೆ ಆಡಿಸಿದೆ. ಸರಿ ಅನ್ನುವ ಹಾಗೆ.

ಆ ದಿನ ಸಿಟ್ಟೆಲ್ಲ ಆ ಮನುಷ್ಯನ ಮೇಲೆ ತಿರುಗಿತ್ತು. ಯಾರು ಕೇಳಿದ್ದರು ಇವರ ಸಾರಿಯನ್ನು? ಎಲುಬು ಮುರಿದುಕೊಂಡು ಬಿದ್ದವರು ನನ್ನನ್ನು ಬೈಯಬೇಕಿತ್ತು. ಬೈದಿದ್ದರೆ ನಾನೂ ಬೈದು, ಬಾಣ ಕಾಣಲಿಲ್ಲ, ತಿರುವಿನಲ್ಲಿ ಯಾಕೆ ಹಾಗೆ ಬಂದಿರಿ ಅಂತ ಜಗಳ ಆಡಿ, ಮನೆಗೆ ಬಂದು ನಿದ್ದೆ ಮಾಡುತ್ತಿದ್ದೆ. ವನಜನ ಅಡಿಗೆಮನೆಯಲ್ಲಿ ಪಾತ್ರೆ ತೊಳೆಯುತ್ತ ಇದನ್ನೆಲ್ಲ ಗಟ್ಟಿಯಾಗಿ ಹೇಳುತ್ತಿದ್ದವಳಿಗೆ ನಾಗರಾಜನ ನೆನಪಾಯಿತು. ಜನ ಹೊಡೆಯುತ್ತಾರೆ ಅಂತ ಹೆದರಿ ಅಂದ ಮಾತನ್ನು ನಾನು ಪೊಲೀಸರಿಗೆ ಸಾಕ್ಷಿ ಮಾಡಿ ಕೊಟ್ಟಿದ್ದೆ. ಇಲ್ಲಿ ಒಬ್ಬರು ಚಾಳಿಗೆ ಅಂದ ಮಾತಿಗೆ ತಲೆ ಆಡಿಸಿ ಬಂದಿದ್ದೆ. ಎರಡು ಸಲವೂ ಎದುರು ಬದಿಯಲ್ಲಿ ಇದ್ದವಳು ನಾನೇ.

ಆರನೆಯ ದಿನ: ಡೆರೆಕ್ ಅವರ ಮನೆ

ಮರುದಿನ ಆ ಕಾವಲಿನವಳನ್ನು ಹುಡುಕಿ ಹಿಡಿದೆ. ನನ್ನ ಇಂಗ್ಲಿಷು ಮೈದಾನದಲ್ಲಿ ಕೂಗುವ ಇಂಗ್ಲಿಷು. ನಿನ್ನೆ ತಪ್ಪು ದಾರಿಯಲ್ಲಿ ಬಂದವಳು ನಾನು, ಬರೆದುಕೋ, ಅಂದೆ. ಅವಳು ಪುಸ್ತಕ ತೆಗೆದು ಬರೆದುಕೊಂಡಳು. ಇನ್ನು ಮುಂದೆ ಬಾಣ ನೋಡಿ ಹೋಗಿ ಅಂತ ಎರಡು ಸಲ ಹೇಳಿದಳು. ಬಿದ್ದವರ ಹೆಸರು ಡೆರೆಕ್, ಗೇಟಿನ ಹೊರಗೆ ಮೂರನೆಯ ಮನೆ, ನಿನ್ನೆ ಸಂಜೆಯೇ ಮನೆಗೆ ಕಳಿಸಿದ್ದಾರೆ ಅಂತಲೂ ಹೇಳಿದಳು.

ಹೋದೆ. ವನಜ ಡಬ್ಬಿಯಲ್ಲಿ ಇಡ್ಲಿ ಕಟ್ಟಿಕೊಟ್ಟಿದ್ದಳು. ಡೆರೆಕ್ ಎಡಗೈಯನ್ನು ಎದೆಗೆ ಕಟ್ಟಿಕೊಂಡು ಬಾಗಿಲು ತೆರೆದರು. ಅಂಚೆ ಹಂಚುತ್ತಿದ್ದವರಂತೆ, ನಿವೃತ್ತರು, ಒಬ್ಬರೇ ಇದ್ದರು. ನಾನು ಕೂತುಕೊಳ್ಳುವ ಮೊದಲೇ ಕೇಳಿದೆ, ನಿನ್ನೆ ತಪ್ಪು ನನ್ನದು, ಅದು ನಿಮಗೆ ಗೊತ್ತಿತ್ತೋ ಇಲ್ಲವೋ ಅಂತ.

"ಗೊತ್ತಿಲ್ಲದೆ ಏನು, ನೀವು ನನ್ನ ಎದುರಿಗೇ ಬರುತ್ತಿದ್ದಿರಿ," ಅಂದರು.

"ಮತ್ತೆ ಸಾರಿ ಅಂತ ಯಾಕೆ ಅಂದಿರಿ?"

"ಬಾಯಿಗೆ ಬಂತು. ಆಮೇಲೆ ಉಳಿದದ್ದನ್ನು ನೀವು ಹೇಳುತ್ತೀರಿ ಅಂದುಕೊಂಡಿದ್ದೆ."

ಮೆತ್ತಗೆ ಹೇಳಿದರು. ನನ್ನ ಇಡೀ ಕೆಲಸದ ಬದುಕಿನಲ್ಲಿ ಯಾವ ಹೆಡ್ಮಾಸ್ತರರೂ ನನ್ನನ್ನು ಅಷ್ಟು ಗಟ್ಟಿಯಾಗಿ ಬೈದಿರಲಿಲ್ಲ. ನಾನು ಅವರಿಗೆ ಸುಮತಿಯ ಕಥೆ ಹೇಳಿದೆ. ಪಿಕಪ್ಪು, ಡಿವೈಡರು, ನಾನು ಬರೆಸಿದ್ದು, ಬಿಡಿಸಿ ಹೇಳಿದೆ. ಅವರು ಇಡ್ಲಿಯನ್ನು ಚಮಚದಲ್ಲಿ ಕತ್ತರಿಸುತ್ತ ಕೇಳಿದರು.

ಈ ಉದ್ಯಾನದ ರಸ್ತೆಯಲ್ಲೂ ಮೊದಲು ಕಾರು ಓಡುತ್ತಿದ್ದವಂತೆ. ಊರು ಸುತ್ತುವುದು ಬೇಡ ಅಂತ ಎಲ್ಲರೂ ಒಳಗಿನಿಂದಲೇ ನುಗ್ಗುತ್ತಿದ್ದರಂತೆ. ಸೈಕಲ್ಲಿನವರು ಬಿದ್ದಾಗಲೆಲ್ಲ ಡ್ರೈವರನೊಬ್ಬನ ಹೆಸರು ಬರೆದು ಪುಸ್ತಕ ಮುಚ್ಚುತ್ತಿದ್ದರಂತೆ. "ರಸ್ತೆಯ ಹೆಸರು ಬರೆಯಿರಿ ಅಂತ ಜಗಳ ಆಡಲು ನಮಗೆ ವರ್ಷಗಟ್ಟಲೆ ಹಿಡಿಯಿತು. ಆ ಮೇಲೆ ಗೇಟು ಬಂತು," ಅಂದರು ಡೆರೆಕ್. "ನಾವೂ ಸಭ್ಯರಾಗಿ ಇರಲಿಲ್ಲ ಆಗ. ನಾನು ಒಬ್ಬ ಅಧಿಕಾರಿಯ ಮೇಜಿನ ಮೇಲೆ ಹತ್ತಿ ನಿಂತಿದ್ದೆ."

ಹೊರಗೆ ಬಂದು ಗೇಟಿನ ಹತ್ತಿರ ಸುಮಾರು ಹೊತ್ತು ನಿಂತೆ. ಹೆದ್ದಾರಿ ಮಾಡಿದವರನ್ನು ಅಷ್ಟು ದಿನದಿಂದ ಬೈಯುತ್ತಿದ್ದೆನಲ್ಲ, ಕಾಗದದ ಮೇಲೆ ಅವರನ್ನು ತಪ್ಪಿನಿಂದ ಪಾರು ಮಾಡಿದವಳೇ ನಾನು. ಠಾಣೆಯ ಪುಸ್ತಕದಲ್ಲಿ ಇದ್ದದ್ದು ಮಣ್ಣಿನ ಮೇಲೆ ನಡೆಯುತ್ತಿದ್ದ ಇಬ್ಬರು ಹೆಂಗಸರು ಮತ್ತು ಒಬ್ಬ ಕೆಟ್ಟ ಡ್ರೈವರ್. ಅದರಲ್ಲಿ ಡಿವೈಡರ್ ಇಲ್ಲ, ಸರ್ವಿಸ್ ರಸ್ತೆ ಇಲ್ಲ, ಮೂರು ಕಿಲೋಮೀಟರಿಗೂ ಹೆಚ್ಚಿನ ಸುತ್ತು ಇಲ್ಲ. ಆ ರಸ್ತೆ ನನ್ನ ಸುಳ್ಳಿನಿಂದ ಬಚಾವಾಗಿತ್ತು, ಶಿರೂರಿನ ಒಬ್ಬ ಡ್ರೈವರ್ ಸಿಕ್ಕಿಬಿದ್ದಿದ್ದ.

ಅದೇ ದಿನ: ಫೋನು

ಮನೆಗೆ ಫೋನ್ ಮಾಡಿದೆ. ಸುಮತಿ ತೆಗೆದಳು. ಕಾಲು ಹೇಗಿದೆ ಅಂತಲೂ ಕೇಳದೆ ಹೇಳಿದೆ.

"ಸುಮತಿ, ನಾನ್ ಠಾಣೆಂಗೆ ಬರ್ಸದ್ದ್ ಬದಲ್ ಮಾಡ್ತೆ. ಇದ್ದದ್ದ್ ಇದ್ದ ಹಂಗೆ ಹೇಳ್ತೆ."

"ನಾನ್ ಹೋಯಿ ಹೇಳಿ ಆಯ್ತ್ ಅಕ್ಕ," ಅಂದಳು. "ನೀನ್ ವಿಮಾನ ಹತ್ತಿದ್ ಮರ್ದಿನವೇ. ರಿಕ್ಷಾ ಮಾಡ್ಕಂಡ್ ಹೋದೆ. ಸೈಕಲ್ ಮೇಲೇ ಇದ್ದದ್ದ್, ಎದ್ರ್ ಬದಿಂಗೇ ಬಂದದ್ದ್ ಅಂದ್ ಹೇಳ್ದೆ. ಅವ್ರ್ ಅಂದ್ರ್, ಟೀಚರ್ ಬೇರೆ ಬರ್ಸಿರ್, ಅವ್ರೇ ಬಂದ್ ಹೇಳ್ಳಿ ಅಂದ್."

"ನಂಗೆಂತಕ್ ಹೇಳ್ಲಿಲ್ಲ ನೀನ್?"

"ನಿಂಗ್ ಸಿಟ್ಟ್ ಬತ್ತ್ ಅಂದೇಳಿ."

"ಆಸ್ಪತ್ರೆಂಗೇ ಹೇಳುಕಾಯ್ತಿತ್ತಲ್ದಾ?"

"ಅಲ್ಲೂ ನಿಂಗ್ ಹೆದ್ರಿಯೇ ಸುಮ್ನಿದ್ದೆ ಅಕ್ಕ," ಅಂದಳು.

ಕಾಲು ಮುರಿದು ಮಂಚದ ಮೇಲೆ ಮಲಗಿದ್ದವಳು ಪೊಲೀಸರಿಗಲ್ಲ, ನೋವಿಗಲ್ಲ, ನನಗೆ ಹೆದರಿದ್ದಳು. ಅವಳ ಪರವಾಗಿ ಜಗಳ ಆಡುತ್ತಿದ್ದೇನೆ ಅಂತ ನಾನು ಎಲ್ಲರ ಹತ್ತಿರ ಹೇಳಿಕೊಂಡು ತಿರುಗುತ್ತಿದ್ದೆ. ಔಷಧಿ ಸರಿಯಾಗಿ ತಗೋ ಅಂದು ಫೋನ್ ಇಟ್ಟೆ. ವನಜ ಬಂದು ಎಂತ ಆಯ್ತ್ ಅಂತ ಕೇಳಿದಳು. ಅವಳ ಮೇಲೂ ರೇಗಿದೆ. ಆಮೇಲೆ ಅತ್ತೆ.

ವಾಪಸು: ಠಾಣೆ

ಊರಿಗೆ ಬಂದ ಎರಡನೆಯ ದಿನ ಠಾಣೆಗೆ ಹೋದೆ. ರಜೆ ಮುಗಿದು ಶಾಲೆ ಶುರುವಾಗಿತ್ತು, ಹೆದ್ದಾರಿ ಹಾಗೇ ಇತ್ತು. ಬ್ಯಾಗು ಬೆನ್ನಿಗೆ ಹಾಕಿದ ಮಕ್ಕಳು, ನನ್ನ ಶಾಲೆಯ ಮಕ್ಕಳು, ನಾನು ಹೇಳಿಕೊಟ್ಟ ಬದಿಯಲ್ಲೇ ಎದುರಿನಿಂದ ಸೈಕಲ್ಲಿನಲ್ಲಿ ಬರುತ್ತ ರಿಕ್ಷಾದಲ್ಲಿ ಕೂತಿದ್ದ ನನಗೆ ನಮಸ್ತೇ ಟೀಚರ್ ಅಂತ ಕೈ ಎತ್ತಿದರು.

ಠಾಣೆಯ ರೈಟರ್ ಕಾಗದ ಎಳೆದುಕೊಂಡು ಪೆನ್ನು ಬಿಚ್ಚಿದರು.

"ಯಾವ್ ಬದಿ ಟೀಚರ್?"

"ಎದ್ರ್ ಬದಿ. ತಳ್ತಾ ಇದ್ದದ್ದಲ್ಲ, ಸೈಕಲ್ ಮೇಲೇ ಇದ್ದದ್ದ್. ನಾಗರಾಜ ಅವನ ಸರಿ ಬದಿಂಗೇ ಬಂದದ್ದ್. ಬಸ್ ಅವನ್ನ ಒತ್ತಿದ್ದ್."

ಬರೆದರು.

"ಡಿವೈಡರ್ ಬಿಟ್ಟದ್ದ್ ಒಂದೂವರೆ ಕಿಲೋಮೀಟರ್ ಆಚೆ. ಸರ್ವಿಸ್ ರೋಡ್ ಇಲ್ಲೆ. ಸರಿ ಬದಿಂಗೆ ಹೋಪುಕ್ ದಾರಿಯೇ ಇಲ್ಲೆ. ಅದ್ನೂ ಬರೀರಿ."

"ಅದೆಲ್ಲ ಕೇಸಿಗ್ ಬ್ಯಾಡ ಟೀಚರ್."

"ಬೇಕ್. ಅದ್ ಬರೀದೆ ನಾನ್ ಸಹಿ ಹಾಕುದಿಲ್ಲ."

ಗೊಣಗಿಕೊಂಡು ಬರೆದರು. ಮುಗಿಯಿತು ಅಂದುಕೊಂಡು ಕಾಗದವನ್ನು ನನ್ನ ಕಡೆ ತಿರುಗಿಸಿದರು. ನಾನು ಅದನ್ನು ವಾಪಸು ತಿರುಗಿಸಿದೆ.

"ಮುಂದ್ ಇದ್ದವಳ್ ನಾನ್. ತಂಗಿ ನನ್ನ್ ಹಿಂದ್ ಬಂದದ್ದ್. ಆ ಬದಿಂಗೆ ಬಾ ಅಂದ್ ಅವ್ಳಿಗೂ ಶಾಲಿ ಮಕ್ಳಿಗೂ ಹೇಳಿಕೊಟ್ಟವಳ್ ನಾನ್. ಮೊದ್ಲ್ ಸಲ ಸುಳ್ಳ್ ಬರ್ಸಿದವಳೂ ನಾನೇ."

ರೈಟರ್ ಪೆನ್ನು ಕೆಳಗಿಟ್ಟು ನನ್ನ ಮುಖ ನೋಡಿದರು. ಅವರ ಮಗ ನನ್ನ ಹತ್ತಿರ ಕಬಡ್ಡಿ ಕಲಿತವನು. ದನಿ ತಗ್ಗಿಸಿ, "ಇದ್ ಬರದ್ರೆ ನಿಮ್ಗೇ ತೊಂದ್ರೆ. ನಿಮ್ ಕೆಲ್ಸಕ್ ಬಂದ್ರ್ ಎಂತ ಮಾಡ್ತ್ರಿ? ನಾನ್ ಕೇಂಡದ್ದಕ್ ಅಷ್ಟೇ ಹೇಳಿ, ಸಾಕ್," ಅಂದರು.

ಮೈದಾನದ ಆಚೆ ತುದಿಗೆ ಕೇಳುವಷ್ಟು ಗಟ್ಟಿಯಾಗಿ, ಬರೀರಿ ಅಂದೆ. ಅವರು ಬರೆದರು.